ಎಣ್ಣೆ ಕ್ಯಾನಿನಲ್ಲಿ ಗಂಗೆ

ನಮ್ಮ ದೊಡ್ಡಮ್ಮನನ್ನು ಊರು ತೋರಿಸಲು ಕರೆದುಕೊಂಡು ಹೋಗಬಾರದು. ಊರೇ ಕೆಲಸ ಬಿಟ್ಟು ಅವರನ್ನು ನೋಡುತ್ತ ನಿಂತುಬಿಡುತ್ತದೆ!

ಇದು ಗೊತ್ತಿದ್ದೂ ಹೋದ ವರ್ಷ ಕಲ್ಕತ್ತೆಗೆ ಕರೆದೊಯ್ದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಅದೂ ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದು. ಹೂಗ್ಲಿ ನದಿಯ ದಂಡೆಯ ಹಳೇ ಪೇಟೆಯ ಬಗ್ಗೆ ಓದಿಕೊಂಡಿದ್ದೆ. ಸಾಹುಕಾರರ ಮಹಲುಗಳು, ಕಂಬಗಳ ಸ್ನಾನಘಟ್ಟ, ಎಲ್ಲವನ್ನೂ ವಿವರಿಸುವ ಆಸೆ. ಕೇಳುವವರು ಬೇಕಲ್ಲ! ದೊಡ್ಡಮ್ಮನ ಧ್ಯಾನವೆಲ್ಲ ಕೆಂಗೇರಿಯಿಂದ ಹೊತ್ತು ತಂದಿದ್ದ ಐದು ಲೀಟರಿನ ಎಣ್ಣೆ ಕ್ಯಾನಿನ ಮೇಲೆ. ಅದರ ತುಂಬ ಗಂಗೆ ಒಯ್ಯಬೇಕು. ಹೂಗ್ಲಿಯೂ ಗಂಗೆಯೇ ಎಂದು ಬಾಯಿತಪ್ಪಿ ಹೇಳಿದವನು ನಾನೇ.

"ಇದು ಇನ್ನೂರು ವರ್ಷದ ಮಹಲು, ದೊಡ್ಡಮ್ಮ."

"ಇನ್ನೂರು ವರ್ಷದಿಂದ ಸುಣ್ಣ ಹೊಡ್ಸಕ್ಕೆ ಯಾರ್ಗೂ ಪುರ್ಸೊತ್ತೇ ಆಗಿಲ್ವಾ?"

ಘಟ್ಟದ ಮೆಟ್ಟಿಲ ಬಳಿ ಒಬ್ಬಾಕೆ ಸೊಪ್ಪು ಮಾರುತ್ತಿದ್ದಳು. ನಲವತ್ತು ವರ್ಷ ಸೊಪ್ಪು ಬೆಳೆದು ಮಾರಿದ ದೊಡ್ಡಮ್ಮ ಸುಮ್ಮನೆ ದಾಟಿ ಹೋಗುವುದುಂಟೆ? ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, "ಹಿಂಗ್ ಸಡಿಲ ಕಟ್ಟಿದ್ರೆ ಅರ್ಧ ದಾರೀಲೇ ಉದುರೋಗತ್ತೆ ಕಣಮ್ಮ!" ಎಂದು ಅಪ್ಪಟ ಕನ್ನಡದಲ್ಲಿ ಗದರಿ, ಇದ್ದಬದ್ದ ಕಟ್ಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟತೊಡಗಿದರು. ಆಕೆ ಬಂಗಾಳಿಯಲ್ಲಿ ಬೈದಳು. ಹತ್ತು ನಿಮಿಷ ಕಳೆಯುವುದರಲ್ಲಿ ಇಬ್ಬರೂ ಎಲೆ ಅಡಿಕೆ ಹಂಚಿಕೊಂಡು ನಗುತ್ತಿದ್ದರು! ಇಂಗ್ಲಿಷನ್ನು ಮೂರು ಸಲ ಬರೆದ ನಾನು ಕ್ಯಾನು ಹಿಡಿದುಕೊಂಡು ನಿಂತಿದ್ದೆ.

ವಾಪಸು ಬರುವಾಗ ರೈಲಿನಲ್ಲಿ ನನ್ನ ಬರ್ತು ಗಂಗೆ ತುಂಬಿದ ಕ್ಯಾನಿನ ಪಾಲಾಯಿತು. ನಾನು ಕಾಲು ಮಡಚಿಕೊಂಡು ಒಂದು ಮೂಲೆಗೆ.

"ಒಂದ್ ತೊಟ್ಟು ಚೆಲ್ಲಿದ್ರೂ ನಿನ್ನ ತಿರ್ಗಾ ಕಲ್ಕತ್ತಾಗೆ ಕಳಿಸ್ತೀನಿ ಕಣೋ!"

ಬೀದಿಗೆಲ್ಲ ತೀರ್ಥ ಹಂಚಿ ಮೆರೆಯುವ ಯೋಜನೆ ಇರಬೇಕೆಂದು ಸಹಿಸಿಕೊಂಡೆ.

ಕೆಂಗೇರಿ ತಲುಪಿದರೆ ಆಟೊ ಮನೆಗೆ ಹೋಗಲಿಲ್ಲ. ವೃಷಭಾವತಿ ನದಿಯ ಸೇತುವೆಯ ಮೇಲೆ ದೊಡ್ಡಮ್ಮ ಅದನ್ನು ನಿಲ್ಲಿಸಿದರು. ಕೆಳಗೆ ಕಪ್ಪು ನೀರು, ಬಿಳೀ ನೊರೆ. ನಾನು ಮೂಗು ಮುಚ್ಚಿಕೊಂಡೆ. ದೊಡ್ಡಮ್ಮ ಕ್ಯಾನಿನ ಮುಚ್ಚಳ ತಿರುಗಿಸಿದರು.

"ದೊಡ್ಡಮ್ಮಾ! ಗಂಗೇನ ತಗೊಂಡ್ಬಂದು ಮೋರಿಗೆ ಸುರೀತೀರಾ?"

"ಮೋರಿ ಅನ್ಬೇಡ. ಆಗ ಇವಳ ನೀರಲ್ಲೇ ಸೊಪ್ಪು ಬೆಳೆದು ನಿನ್ನ ಮೂರು ಸಲ ಪರೀಕ್ಷೆಗೆ ಕೂರ್ಸಿದ್ದು. ಈಗ ಹಾಸಿಗೆ ಹಿಡಿದವ್ಳೆ, ಪಾಪ. ಅದಕ್ಕೇ ಇವಳ ಅಕ್ಕನ್ನ ಕರ್ಕೊಂಡ್ಬಂದೆ, ನೋಡ್ಕೊಂಡು ಹೋಗ್ಲಿ ಅಂತ."

ಎರಡೂ ಕೈಯಲ್ಲಿ ಕ್ಯಾನು ಎತ್ತಿ ಸೇತುವೆಯ ಕಟ್ಟೆಯ ಮೇಲೆ ಬಾಗಿಸಿದರು. ಮೂಗಿನಿಂದ ಕೈ ತೆಗೆದೆ. ಕ್ಯಾನಿನ ತಳವನ್ನು ನಾನು ಹಿಡಿದುಕೊಂಡೆ.