ಅರವತ್ತೊಂದು ಮಂದಿ ಕಲಾವಿದರು, ಒಬ್ಬ ಪ್ರೇಕ್ಷಕ

ಯಾವುದೇ ಸಂಗೀತ ಕಾರ್ಯಕ್ರಮಕ್ಕೆ ಕನಿಷ್ಠ ಒಬ್ಬ ಪ್ರೇಕ್ಷಕನಾದರೂ ಇರತಕ್ಕದ್ದು ಎಂದು ರಿಯೊ ನಗರದ ಸಾಂಸ್ಕೃತಿಕ ಸದ್ದುಗಳ ಉಪನಿರ್ದೇಶನಾಲಯದ ಏಳನೇ ನಿಯಮ ಹೇಳುತ್ತದೆ. ದೋನಾ ಇರಾಸಿಯವರ ಹಿತ್ತಲಿನಲ್ಲಿ ಮೂವತ್ತೊಂದು ವರ್ಷಗಳಿಂದ ಪ್ರತಿ ಸೋಮವಾರ ಸಂಜೆ ನಡೆಯುತ್ತಿದ್ದ ಸಾಂಬಾ ಹಾಡು-ಕುಣಿತದ ಕೂಟದಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕನೂ ಇಲ್ಲವೆಂಬ ಗಂಭೀರ ಲೋಪ ಪತ್ತೆಯಾದದ್ದು ಇನ್‌ಸ್ಪೆಕ್ಟರ್ ಅದೆಮಾರ್ ಬಂದ ದಿನ. ಈ ವರದಿ ಬರೆಯುತ್ತಿರುವ ನಾನು, ನಿವಾಲ್ದೊ, ಆ ಕೂಟದಲ್ಲಿ ತಟ್ಟೆ ಬಾರಿಸುವವನು. ಪಿಂಗಾಣಿ ತಟ್ಟೆಯ ಅಂಚಿಗೆ ಚಾಕು ಉಜ್ಜಿ ತಾಳ ಹಿಡಿಯುವುದು ನನ್ನ ವಿದ್ಯೆ. ನಗುವವರು ನಗಲಿ, ಇದನ್ನು ಕಲಿಯಲು ನನಗೆ ಒಂಬತ್ತು ವರ್ಷ ಮತ್ತು ಹೆಂಡತಿಯ ಒಂದು ಡಜನ್ ತಟ್ಟೆ ಹಿಡಿದವು.

ಅದೆಮಾರ್ ಕೆಟ್ಟವನಲ್ಲ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು, ಕಂಕುಳಲ್ಲಿ ಹನ್ನೊಂದು ಪುಟದ ನಿಯಮಾವಳಿ. ಆ ವರ್ಷದಿಂದ ಹಿತ್ತಲ ಕೂಟಗಳಿಗೂ ಪರವಾನಗಿ ಬೇಕೆಂದು ಆದೇಶವಾಗಿತ್ತು. ಮಾವಿನ ಮರದ ಕೆಳಗೆ ಮೇಜು, ಮೇಜಿನ ಸುತ್ತ ವಾದ್ಯದವರು, ಅವರ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತು ಹಾಡುತ್ತ ಕೈ ತಟ್ಟುತ್ತಿದ್ದ ಉಳಿದವರು. ಅವನು ಎರಡು ಸುತ್ತು ಬಂದು ಅರವತ್ತೊಂದು ತಲೆ ಎಣಿಸಿದ.

“ಇದ್ರಲ್ಲಿ ಪ್ರೇಕ್ಷಕರು ಯಾರು?”

“ಪ್ರೇಕ್ಷಕರು ಅಂದ್ರೆ ಯಾರು ಸಾಹೇಬ್ರೆ?” ಎಂದ ಜುರಾಂದಿರ್. ನಾಲ್ಕು ತಂತಿಯ ಪುಟ್ಟ ಕವಾಕಿನ್ಯು ನುಡಿಸುವ ಅವನೇ ನಮ್ಮ ಮೇಜಿನ ಯಜಮಾನ.

“ಸುಮ್ನೆ ಕೂತ್ಕೊಂಡು ಕೇಳೋರು.”

“ಅಂಥೋರ್ನ ನಾವು ಆಸ್ಪತ್ರೆಗೆ ಸೇರಿಸ್ತೀವಿ.”

ಅದೆಮಾರ್ ಇದನ್ನೂ ಹಸಿರು ಶಾಯಿಯಲ್ಲಿ ಬರೆದುಕೊಂಡ. ಆಮೇಲೆ ವಾದ್ಯಗಳ ನೋಂದಣಿ ಶುರುವಾಯಿತು. ಕವಾಕಿನ್ಯು, ಡೋಲು, ಖಂಜರಿಗಳಿಗೆ ಚೀಟಿ ಅಂಟಿಸಿದ. ಸದ್ದು ಮಾಡುವುದೆಲ್ಲ ವಾದ್ಯ ಎಂಬುದು ನಾಲ್ಕನೇ ನಿಯಮವಾದ್ದರಿಂದ, ಮೂಲೆಯ ಮುದುಕರೊಬ್ಬರು ಬೆರಳಲ್ಲಿ ಕುಟ್ಟುತ್ತಿದ್ದ ಬೆಂಕಿಪೊಟ್ಟಣಕ್ಕೂ ನನ್ನ ತಟ್ಟೆ, ಚಾಕುಗಳಿಗೂ ಅಂಟಿಸಿದ. ಕೊನೆಗೆ ಚಪ್ಪಾಳೆಯ ಪ್ರಶ್ನೆ ಬಂತು. ಒಂದು ಕೈ ಅರ್ಧ ವಾದ್ಯವೋ ಪೂರ್ತಿ ವಾದ್ಯವೋ ಎಂದು ಕಚೇರಿಗೆ ಫೋನ್ ಮಾಡಿ ಕೇಳಲಾಯಿತು. ಪೂರ್ತಿ ಎಂದು ಉತ್ತರ ಬಂತು. ನೂರ ಇಪ್ಪತ್ತೆರಡು ಮಣಿಕಟ್ಟುಗಳಿಗೆ ಕ್ರಮಸಂಖ್ಯೆಯ ಪಟ್ಟಿ ಕಟ್ಟಲಾಯಿತು. ನನಗೆ ಸಿಕ್ಕಿದ್ದು ಹದಿನೇಳು ಮತ್ತು ಹದಿನೆಂಟು.

ನೋಂದಾಯಿತ ವಾದ್ಯವನ್ನು ಅನ್ಯ ಕಾರ್ಯಕ್ಕೆ ಬಳಸತಕ್ಕದ್ದಲ್ಲವೆಂದು ಐದನೇ ನಿಯಮ ಇತ್ತು. ಹಾಗಾಗಿ ಬೆಂಕಿಪೊಟ್ಟಣದಿಂದ ಒಲೆ ಹಚ್ಚುವಂತಿರಲಿಲ್ಲ, ಪಕ್ಕದ ಮನೆಯಿಂದ ಬೆಂಕಿ ತಂದೆವು. ಸಾರು ತಯಾರಾದ ಮೇಲೆ ಅರವತ್ತೊಂದು ಜನ ನೋಂದಾಯಿತ ವಾದ್ಯಗಳಿಂದ ಲೋಟ ಎತ್ತಿ ಕುಡಿದ ಅಪರಾಧವನ್ನು ಅದೆಮಾರ್ ಕೆಂಪು ಶಾಯಿಯಲ್ಲಿ ಗುರುತಿಸಿ, ಸಾರು ಚೆನ್ನಾಗಿದೆಯೆಂದು ತಾನೂ ಒಂದು ಲೋಟ ಕುಡಿದ.

“ಎಲ್ಲ ಸರಿ,” ಎಂದ ಬಾಯಿ ಒರೆಸಿಕೊಂಡು. “ಆದ್ರೆ ಪ್ರೇಕ್ಷಕರ ಕಾಲಂ ಖಾಲಿ ಇದೆ. ಖಾಲಿ ಇದ್ರೆ ಪರವಾನಗಿ ಇಲ್ಲ. ಪರವಾನಗಿ ಇಲ್ದಿದ್ರೆ ಮುಂದಿನ ಸೋಮವಾರದಿಂದ ಕೂಟ ಬಂದ್.”

ಎಪ್ಪತ್ನಾಲ್ಕು ವರ್ಷದ ದೋನಾ ಇರಾಸಿ ಸೌಟು ಹಿಡಿದು ಎದ್ದುಬಂದರು. ಈ ಕೂಟ ಶುರು ಮಾಡಿದವರು ಅವರ ಗಂಡ ವಾಲ್ದಿರ್. ಅವರು ತೀರಿಕೊಂಡ ವಾರವೂ ಸೋಮವಾರ ತಪ್ಪಿರಲಿಲ್ಲ. ಆ ದಿನ ಆಕೆ ಅಳುತ್ತಲೇ ಹಾಡಿದ್ದನ್ನು ನಾನು ಕಂಡಿದ್ದೇನೆ.

“ಮಗಾ, ನಂಗೆ ವಾರದಲ್ಲಿ ಇರೋದೇ ಒಂದು ದಿನ. ಉಳಿದ ಆರು ದಿನ ಅದಕ್ಕೆ ಕಾಯೋದು. ಅದನ್ನೂ ಬೀಗ ಹಾಕ್ತೀಯಾ?”

“ನಾನಲ್ಲ ಅಮ್ಮಾ, ಏಳನೇ ನಿಯಮ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೂ ಕೊಡುವ ಆಸೆಯಿತ್ತು, ಕಾಲಂ ಬಿಡಲಿಲ್ಲ. ಆಗ ಜುರಾಂದಿರ್ ಹೇಳಿದ:

“ಸಾಹೇಬ್ರೆ, ನೀವು ಬಂದಾಗಿಂದ ಹಾಡಿಲ್ಲ, ಕೈ ತಟ್ಟಿಲ್ಲ, ಸೊಂಟಾನೂ ಅಲ್ಲಾಡ್ಸಿಲ್ಲ. ನೀವೇ ಪ್ರೇಕ್ಷಕರಲ್ವಾ?”

ಅದೆಮಾರ್ ಹನ್ನೊಂದೂ ಪುಟ ತಿರುವಿದ. ಇನ್‌ಸ್ಪೆಕ್ಟರು ಪ್ರೇಕ್ಷಕನಾಗಬಾರದೆಂದು ಎಲ್ಲೂ ಇರಲಿಲ್ಲ. ಕಾಲಂನಲ್ಲಿ ನೀಲಿ ಶಾಯಿಯಿಂದ ಒಂದು ಎಂದು ಬರೆದ. ಪ್ರತಿ ಸೋಮವಾರ ಸದರಿ ಪ್ರೇಕ್ಷಕನು ಹಾಜರಿರತಕ್ಕದ್ದು, ಸದರಿ ಪ್ರೇಕ್ಷಕನು ಹಾಡಿದರೆ ಅಥವಾ ಕೈ ತಟ್ಟಿದರೆ ಕಲಾವಿದನೆಂದು ಪರಿಗಣಿಸಿ ಪರವಾನಗಿ ರದ್ದುಪಡಿಸತಕ್ಕದ್ದು ಎಂಬ ಷರತ್ತಿನ ಮೇಲೆ ಪರವಾನಗಿ ಸಿಕ್ಕಿತು. ನಿಯಮಾವಳಿಯ ಒಂದು ಪ್ರತಿಯನ್ನು ದೋನಾ ಇರಾಸಿಗೂ ಕೊಟ್ಟ. ಅವರು ಅದನ್ನು ಸಾರಿನ ಪಾತ್ರೆಯ ಕೆಳಗೆ ಹಾಸಿದರು.

ಎರಡನೇ ಸೋಮವಾರ ಅದೆಮಾರ್‌ಗೆ ಪ್ರತ್ಯೇಕ ಕುರ್ಚಿ ಹಾಕಲಾಯಿತು. ಅವನು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತ. ಮೂರನೇ ಹಾಡಿಗೆ ಅವನ ಎಡಗಾಲಿನ ಹೆಬ್ಬೆರಳು ಅಲುಗಿದ್ದನ್ನು ಯಾರೋ ಕಂಡು ಕಿರುಚಿದರು.

“ಜುರಾಂದಿರ್, ನಿಲ್ಸೋ! ಸಾಹೇಬ್ರಿಗೆ ಹತ್ತಿಬಿಡ್ತದೆ!”

ಅಂದಿನಿಂದ ಪ್ರೇಕ್ಷಕನ ರಕ್ಷಣೆಗಾಗಿ ಕೆಟ್ಟದಾಗಿ ನುಡಿಸಲು ತೀರ್ಮಾನಿಸಲಾಯಿತು. ಡೋಲಿನವನು ತಾಳ ತಪ್ಪಿಸಿದ, ನಾನು ತಟ್ಟೆಯನ್ನು ತೊಳೆಯುವವನ ಹಾಗೆ ಉಜ್ಜಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಜನ ಗಡಿಯಾರ ನೋಡಿಕೊಂಡರು. ಮೂರನೇ ಸೋಮವಾರ ನಲವತ್ತು ಜನ, ನಾಲ್ಕನೆಯದಕ್ಕೆ ಇಪ್ಪತ್ತಾರು. ಪರವಾನಗಿ ಗಟ್ಟಿಯಾಗಿತ್ತು, ಕೂಟ ಸಾಯುತ್ತಿತ್ತು. ನನಗಂತೂ ಮನೆಗೆ ಹೋಗಿ ಅನ್ನದ ತಟ್ಟೆ ನೋಡಿದರೂ ನಾಚಿಕೆಯಾಗುತ್ತಿತ್ತು.

ಐದನೇ ಸೋಮವಾರ ದೋನಾ ಇರಾಸಿ ಸೌಟು ಕೆಳಗಿಟ್ಟು ಮೇಜಿಗೆ ಬಂದರು.

“ಎಲ್ಲಾ ಸರಿಯಾಗಿ ಬಾರಿಸ್ರಿ. ನಾನು ವಾಲ್ದಿರ್ ಹಾಡು ಹಾಡ್ತೀನಿ.”

“ಅಮ್ಮಾ, ಬೇಡ!” ಜುರಾಂದಿರ್ ಕೈಮುಗಿದ. “ಆ ಹಾಡಿಗೆ ಕಂಬಾನೂ ಕೈ ತಟ್ತದೆ. ಸಾಹೇಬ್ರು ಎಲ್ಲಿ ತಡಕೊಳ್ತಾರೆ?”

“ತಟ್ಟಿದ್ರೆ ತಟ್ಲಿ. ಹಿಡಿಯೋ ಕವಾಕಿನ್ಯು.”

ಹಿಡಿದ. ವಾಲ್ದಿರ್ ಆಕೆಗಾಗಿ ಕಟ್ಟಿದ ಹಾಡು ಅದು. ಒಂದು ಸಾಲು ಆಕೆ ಹೇಳಬೇಕು, ಮರುಸಾಲು ಎಲ್ಲರೂ. ಮುದಿ ಗಂಟಲು ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದರು. ಅದೆಮಾರ್ ಕಣ್ಣು ಮುಚ್ಚಿದ, ತುಟಿ ಕಚ್ಚಿದ, ನಿಯಮಾವಳಿಯನ್ನು ಎದೆಗೆ ಒತ್ತಿ ಹಿಡಿದ. ಮೂರನೇ ಮರುಸಾಲಿಗೆ ನಿಯಮಾವಳಿ ನೆಲಕ್ಕೆ ಬಿತ್ತು. ಅವನು ಎದ್ದು ನಿಂತು ಕೈ ತಟ್ಟಿದ. ತಾಳ ಒಂದಿಷ್ಟೂ ತಪ್ಪಲಿಲ್ಲ.

ಹಾಡು ನಿಂತುಹೋಯಿತು. ಅದೆಮಾರ್ ತನ್ನ ಕೈಗಳನ್ನು ಬೇರೆಯವರದ್ದೇನೋ ಎಂಬಂತೆ ನೋಡಿಕೊಂಡ. ಅವನ ಕಣ್ಣು ತುಂಬಿತ್ತು.

“ಕ್ಷಮಿಸಿ ಅಮ್ಮಾ,” ಎಂದು ಕೆಂಪು ಪೆನ್ನು ತೆಗೆದ. “ಪ್ರೇಕ್ಷಕರು ಸೊನ್ನೆ. ನಾನು ಬರೀಲೇಬೇಕು.”

“ಬರಿ ಮಗಾ, ದಪ್ಪಕ್ಷರದಲ್ಲಿ ಬರಿ.” ದೋನಾ ಇರಾಸಿ ಸಾರಿನ ಪಾತ್ರೆ ಎತ್ತಿ ಅದರಡಿಯ ಕಾಗದ ಎಳೆದರು. “ಬರೆದಾದ್ಮೇಲೆ ಇದನ್ನೂ ಓದು. ನಿಂದು ಹನ್ನೊಂದು ಪುಟ. ನನ್ನ ಪ್ರತಿಗೆ ಹನ್ನೆರಡಿದೆ.”

ಪಾತ್ರೆಯ ದುಂಡು ಕಲೆಯ ನಡುವೆ ಅಕ್ಷರಗಳು ಸ್ಪಷ್ಟವಾಗಿದ್ದವು. ನಾನೇ ಗಟ್ಟಿಯಾಗಿ ಓದಿದೆ: “ಪ್ರೇಕ್ಷಕರು ಸೊನ್ನೆಯೆಂದು ಇನ್‌ಸ್ಪೆಕ್ಟರು ಲಿಖಿತವಾಗಿ ದಾಖಲಿಸಿದ ಕೂಟವನ್ನು ತಾಲೀಮು ಎಂದು ಪರಿಗಣಿಸತಕ್ಕದ್ದು. ತಾಲೀಮಿಗೆ ಪರವಾನಗಿ ಬೇಕಿಲ್ಲ. ಕಾರ್ಯಕ್ರಮ ನಡೆಯುವವರೆಗೆ ತಾಲೀಮು ಮುಂದುವರಿಯಬಹುದು.”

“ಅಮ್ಮಾ, ಇದನ್ನ ಯಾವಾಗ ನೋಡಿದ್ರಿ?” ಎಂದು ಕೇಳಿದೆ.

“ನಿನ್ನೆ, ಪಾತ್ರೆ ತೊಳೆಯೋವಾಗ. ಅಂಟ್ಕೊಂಡಿದ್ದ ಕೊನೇ ಹಾಳೆ ಸಾರಿನ ಬಿಸಿಗೆ ಬಿಟ್ಕೊಂಡಿತ್ತು. ಆದ್ರೆ ಇವ್ನು ಕಲ್ಲಿನ ಹಂಗೆ ಕೂತಿರೋವರೆಗೆ ಸೊನ್ನೆ ಎಲ್ಲಿಂದ ಬರ್ಬೇಕು? ಒಂದು ಒಂದೇ.”

ಅದೆಮಾರ್ ದಪ್ಪಕ್ಷರದಲ್ಲಿ ಸೊನ್ನೆ ಬರೆದು, ನಾಲ್ಕೂ ಬಣ್ಣಗಳಲ್ಲಿ ಸಹಿ ಹಾಕಿ, ತನ್ನ ಮಣಿಕಟ್ಟುಗಳಿಗೆ ನೂರ ಇಪ್ಪತ್ಮೂರು ಮತ್ತು ನೂರ ಇಪ್ಪತ್ನಾಲ್ಕನೇ ಪಟ್ಟಿ ತಾನೇ ಕಟ್ಟಿಕೊಂಡ. ಉಪನಿರ್ದೇಶನಾಲಯ ಇದನ್ನು ಅಂಗೀಕರಿಸಿ, “ತಾಲೀಮು ನಡೆಯುತ್ತಿದೆ. ಕಾರ್ಯಕ್ರಮದ ದಿನಾಂಕವನ್ನು ನಂತರ ತಿಳಿಸಲಾಗುವುದು” ಎಂಬ ಫಲಕವನ್ನು ಬಾಗಿಲಿಗೆ ಹಾಕಿಸಿತು. ಅದಾಗಿ ಆರು ವರ್ಷವಾಯಿತು. ಬೆಂಕಿಪೊಟ್ಟಣದ ಮುದುಕರು ವಿಶ್ರಾಂತಿಗೆ ಹೋದ ಮೇಲೆ ಆ ವಾದ್ಯ ಅದೆಮಾರ್‌ನ ಪಾಲಿಗೆ ಬಂದಿದೆ. ಅವನಿಲ್ಲದೆ ನಾವು ಹಾಡು ಎತ್ತುವುದಿಲ್ಲ.

ಪ್ರತಿ ತಿಂಗಳು ಕಚೇರಿಯಿಂದ ಪತ್ರ ಬರುತ್ತದೆ: ಕಾರ್ಯಕ್ರಮ ಸಿದ್ಧವಾಯಿತೇ? ಇನ್ನೂರು ಜನ ಒಟ್ಟಿಗೆ ಮರುಸಾಲು ಹೇಳಿ, ಮಾವಿನೆಲೆ ಉದುರುವಂತೆ ಕೈ ತಟ್ಟಿ ಮುಗಿಸಿದ ಮೇಲೆ ಅದೆಮಾರ್ ಆ ಪತ್ರವನ್ನು ದೋನಾ ಇರಾಸಿಯವರಿಗೆ ವಿಧಿವತ್ತಾಗಿ ಓದಿ ಹೇಳುತ್ತಾನೆ. ಅವರು ತಲೆಯಾಡಿಸುತ್ತಾರೆ.

“ಇಲ್ಲಪ್ಪಾ, ತಾಳ ಇನ್ನೂ ಕೂತಿಲ್ಲ ಅಂತ ಬರಿ. ಎಲ್ಲಿ, ಇನ್ನೊಂದ್ ಸಲ ಮೊದ್ಲಿಂದ.”