ಎಂಟು ಖಣದ ಸಾಮಾನು, ಎರಡು ಖೋಲಿ

ಸಣ್ಣ ಮನ್ಯಾಗ ದೊಡ್ಡ ಮಂದಿ ಇದ್ರ ದಿನಕ್ಕೊಂದು ನಡೀತದ. ನಡೀಲಿಲ್ಲಂದ್ರ ಆ ಮಂದಿ ಊರಾಗಿಲ್ಲ ಅಂತ ತಿಳಕೋಬೇಕು.

ಮೈಸೂರ ರಾಜ್ಯ ಹೋಗಿ ಕರ್ನಾಟಕ ಆದ ಹೊಸದರಾಗ ನಮ್ಮನಿಯವರಿಗೆ ಸುಲೇಪೇಟದಿಂದ ಶಹಾಬಾದಿಗೆ ವರ್ಗಾ ಆತು. ಅವರು ಸಾಲಿ ಮಾಸ್ತರ. ಸುಲೇಪೇಟದಾಗ ಎಂಟು ಖಣದ ದೊಡ್ಡ ಬಾಡಿಗಿ ವಾಡೆದಾಗ ಇದ್ವಿ. ಶಹಾಬಾದಿನಾಗ ಸಿಕ್ಕದ್ದು ಎರಡು ಖೋಲಿ, ಆದ್ರ ಸ್ವಂತದ್ದು. ಒಳಗ ಅವರು, ನಾನು, ನಮ್ಮತ್ತಿ, ಮದವಿಗೆ ಬಂದ ಮಗಳು. ಐದನೇದು ಅತ್ತಿಯ ಪಲ್ಲಂಗ. ಸಾಗವಾನಿ ದೊಡ್ಡ ಮಂಚ, ಅತ್ತಿಗೆ ಅವರಪ್ಪ ಮದವ್ಯಾಗ ಕೊಟ್ಟಿದ್ದು. ಅದು ಮೊಮ್ಮಗಳ ಜೋಡಿ ಆಕಿ ಗಂಡನ ಮನಿಗೆ ಹೋಗಬೇಕು ಅಂತ ಅತ್ತಿ ದೇವರ ಮುಂದ ಮಾತು ಕೊಟ್ಟಿದ್ರು. "ಪಲ್ಲಂಗ ಹೋಗದಿದ್ರ ಹುಡುಗಿನೂ ಹೋಗಂಗಿಲ್ಲ," ಅಂತ ಬಂದವರಿಗೆಲ್ಲಾ ಹೇಳ್ತಿದ್ರು. ಬಂದವರೂ ತಲಿ ಆಡಿಸಿ ಹೋಗ್ತಿದ್ರು.

ಹಂಡೆ

ನಮ್ಮ ತಾಮ್ರದ ಹಂಡೆ ಹೊಸ ಮನಿ ಬಚ್ಚಲದಷ್ಟ ಇತ್ತು. ಹಂಡೆ ಒಳಗಿದ್ರ ಜಳಕ ಮಾಡೋರು ಹೊರಗ, ಜಳಕ ಮಾಡೋರು ಒಳಗಿದ್ರ ಹಂಡೆ ಹೊರಗ. ನಾಕು ದಿನ ಹಿಂಗ ನಡೀತು. ಐದನೇ ದಿನ ನಮ್ಮನಿಯವರು ತಲಿ ಓಡಿಸಿದ್ರು. ಹಂಡೆದಾಗ ಜೋಳ ತುಂಬಿಸಿ, ಬಾಯಿಮ್ಯಾಲ ಒಂದು ಹಲಗಿ ಇಟ್ಟು, "ನೋಡು, ಕಣಜನೂ ಆತು, ನನಗ ಟೇಬಲ್ಲೂ ಆತು," ಅಂದ್ರು. ನಾನೂ ಭೇಷ್ ಅಂದೆ.

ವಾರ್ಷಿಕ ಪರೀಕ್ಷಾ ಬಂತು. ಹಲಗಿ ಮ್ಯಾಲ ಪೇಪರ್ ಹರವಿಕೊಂಡು ಕುಂತ್ರು.

"ಜೋಳ ಬೇಕ್ರಿ, ಬೀಸಾಕ ಕೊಡಬೇಕು," ಅಂದೆ.

"ಪೇಪರ್ ತಿದ್ದಾಕತ್ತೀನಿ, ಕಾಣಂಗಿಲ್ಲೇನು? ಮುಗಿದ ಮ್ಯಾಲ ತಗೋ."

ಆತು ಅಂದೆ. ಮಧ್ಯಾಹ್ನ ಉಣ್ಣಾಕ ಕುಂತ್ರು. ತಾಟಿನಾಗ ಪುಂಡಿಪಲ್ಯ ಅಷ್ಟ ಇತ್ತು.

"ರೊಟ್ಟಿ ಎಲ್ಲಿ?"

"ನಿಮ್ಮ ಪೇಪರ್ ಕೆಳಗ ಅವರಿ."

ಅವತ್ತು ಸಂಜಿ ಒಳಗ ಅಷ್ಟೂ ಪೇಪರ್ ತಿದ್ದಿ ಮುಗಿಸಿದ್ರು. ಆ ವರ್ಷ ಇಡೀ ವರ್ಗ ಪಾಸಾತು.

ತಲಿ ಬಾಗಿಸೂ ಮನಿ

ಶಹಾಬಾದಿನಾಗ ಯಾವ ತ್ರಾಸಿಗೂ ಔಷಧ ಒಂದ, ಫರ್ಸಿ ಕಲ್ಲಿನ ಚಪ್ಪಡಿ. ಕುಂದ್ರಾಕ ಫರ್ಸಿ, ನೆಳ್ಳಿಗೆ ಫರ್ಸಿ, ಬೇಲಿ ಬೇಕಂದ್ರ ಫರ್ಸಿ ನಿಲ್ಲಿಸೂದು. ನಮ್ಮನಿಯವರಿಗೆ ಈ ಗಾಳಿ ಹತ್ತಿತು. ಕಲ್ಲು ಕೂಡಿಸೂ ಗವಂಡಿನ್ನ ಕರಕೊಂಡು ಬಂದು, ಸಾಮಾನಿಡಾಕ ಗ್ವಾಡಿ ತುಂಬ ಫರ್ಸಿ ಹಲಗಿ ಕೂಡಿಸ್ರಿ ಅಂದ್ರು.

"ಎಷ್ಟು ಎತ್ತರಕ್ಕ ಕೂಡಿಸ್ಲಿ ಮಾಸ್ತರ್?"

"ನನ್ನ ತಲಿಗೆ ಬಡೀಬಾರದು ನೋಡ್ರಿ, ಅಷ್ಟ."

ಗವಂಡಿ ಇವರನ್ನ ಗ್ವಾಡಿಗೆ ನಿಲ್ಲಿಸಿ ಗೆರಿ ಹೊಡೆದ. ನಮ್ಮನಿಯವರು ಗಿಡ್ಡ ಅಂತ ನಾ ಎಂದೂ ಅಂದಿಲ್ಲ, ಈಗೂ ಅನ್ನಂಗಿಲ್ಲ. ಆದ್ರ ಎರಡೂ ಬಾಗಲದ ಮ್ಯಾಲ ಹಾಕಿದ ಹಲಗಿ ಊರ ಮಂದಿ ಹಣಿಗೆಲ್ಲಾ ಬಡೀತು. ಹಾಲಿನವಂಗ ಬಡೀತು, ನಮ್ಮಣ್ಣಗ ಎರಡು ಸಲ ಬಡೀತು. ಸಾಲಿ ಇನ್‌ಸ್ಪೆಕ್ಟರ್ ಸಾಹೇಬರು ಚಹಾಕ್ಕ ಬಂದಾಗ ಧಪ್ ಅಂತ ಸಪ್ಪಳ ಬಂತು, ಚಹಾ ಬ್ಯಾಡ ಅಂದು ಹೊಂಟ್ರು. ನಾ ಸಿಟ್ಟಿಗೆದ್ದು, "ಇದನ್ನ ತೆಗಸ್ರಿ," ಅಂದೆ.

ಅತ್ತಿ ಬಿಡಲಿಲ್ಲ. "ಇರಲಿ ಬಿಡವ್ವ. ಎಂಟು ಖಣದ ವಾಡೆಕ್ಕ ಬಂದವರು ಒಬ್ಬರೂ ನಮಗ ತಲಿ ಬಾಗಿಸಿದ್ದಿಲ್ಲ."

ಬಾಗಲಾಗ ಪೂಜಾ

ಅತ್ತಿ ಮುಂಜಾನಿ ಲಿಂಗಪೂಜಾ ಮಾಡದ ಹನಿ ನೀರು ಕುಡಿಯಂಗಿಲ್ಲ. ಪೂಜಾ ಮುಗಿಯೂ ತನಕ ಮುಂದ ಯಾರೂ ಹಾಯಬಾರದು. ಎರಡೂ ಖೋಲ್ಯಾಗ ಕುಂದ್ರಾಕ ಮಣಿ ಹಾಕುವಷ್ಟು ಜಾಗ ಉಳಿದಿದ್ದು ನಡುವಿನ ಬಾಗಲಾಗ ಅಷ್ಟ. ಅಲ್ಲೇ ಕುಂತ್ರು. ಒಳಗಿದ್ದವರು ಒಳಗ, ಹೊರಗಿದ್ದವರು ಹೊರಗ.

ಒಂದಿನ ಸಾಲಿ ಗಂಟಿ ಹೊಡೀತು. ನಮ್ಮನಿಯವರು ಹೊರಗಿನ ಖೋಲ್ಯಾಗ ಬನಿಯನ್ ಮ್ಯಾಲ. ಅಂಗಿ ಒಳಗ, ನನ್ನ ಕಡಿ.

"ಅವ್ವಾ, ಹೊತ್ತಾತು," ಅಂದ್ರು.

ಅತ್ತಿ ಕಣ್ಣು ಮುಚ್ಚಿದವರು ಇನ್ನಷ್ಟು ಬಿಗಿ ಮುಚ್ಚಿದ್ರು. ಅವಸರ ಮಾಡಿದ್ರ ಅವರ ಪೂಜಾ ಉದ್ದ ಆಗ್ತದ, ಇದು ಮನಿ ಮಂದಿಗೆಲ್ಲಾ ಗೊತ್ತಿದ್ದದ್ದ. ನಾ ಅಂಗಿ ಉಂಡಿ ಮಾಡಿ ಅತ್ತಿ ತಲಿ ಮ್ಯಾಲಿಂದ ಒಗೆದೆ. ಅದು ನಡುವಿನ ಬಾಗಲದ ಫರ್ಸಿ ಹಲಗಿ ಮ್ಯಾಲ ಹೋಗಿ ಕುಂತಿತು. ಕೆಳಗ ಅತ್ತಿ ಕುಂತಿದ್ರು, ಇವರು ಮುಂದ ಹೋಗಿ ಕೈ ಹಾಕೂ ಹಂಗಿಲ್ಲ.

ಮರುದಿನದಿಂದ ಅಂಗಿ, ಧೋತರ, ಟೊಪಿಗಿ ಹಾಕ್ಕೊಂಡೇ ಮಲಗಾಕತ್ತಿದ್ರು.

ಪಲ್ಲಂಗ

ಟೊಪಿಗಿ ಹಾಕ್ಕೊಂಡು ಮಲಗೂದು ಎಷ್ಟು ದಿನ? ಮತ್ತ ಗವಂಡಿ ಬಂದ. ಈ ಸಲ ಪಲ್ಲಂಗಕ್ಕ ಕೈ ಹಚ್ಚಿದ್ರು. ಎದಿ ಎತ್ತರ ನಾಕು ಫರ್ಸಿ ಕಂಬ ನೆಲದಾಗ ಹುಗದು, ಅದರ ಮ್ಯಾಲ ಪಲ್ಲಂಗದ ನಾಕೂ ಕಾಲು ಇಳಿಸಿ, ಸಿಮೆಂಟ್ ತುಂಬಿ ಬಿಟ್ರು. ಕೆಳಗ ಹಂಡೆ ಬಂತು, ಟ್ರಂಕ್ ಬಂದ್ವು, ಇನ್ನೂ ಜಾಗ ಉಳಿದು ಅತ್ತಿ ಪೂಜಾಕ್ಕ ಒಂದು ಖೋಲಿನ ಆತು. ಅತ್ತಿ ಭಾಳ ಖುಷಿ. ನಾನೂ ಖುಷಿ. ಪಲ್ಲಂಗ ಮಗಳ ಜೋಡಿ ಹೋಗೂ ಮಾತು ಯಾರಿಗೂ ನೆನಪಾಗಲಿಲ್ಲ ನೋಡ್ರಿ, ನಮ್ಮ ಬುದ್ಧಿಗೆ ಬೆಂಕಿ ಬೀಳ್ಲಿ.

ಮುಂದಿನ ತಿಂಗಳ ವಾಡಿ ಊರಿಂದ ಒಬ್ಬ ಹುಡುಗ, ಅವನಪ್ಪ ಮಗಳ್ನ ನೋಡಾಕ ಬಂದ್ರು. ಹುಡುಗ ಸಿಮೆಂಟ್ ಕಾರಖಾನಿ ಕೆಲಸದಾಗ, ಆರಡಿ ಆಳು. ನಾ ಹಲಗಿ ಕಡಿ ನೋಡಿ ಶಿವಾ ಅಂದೆ. ಅವ ಯಾರೂ ಹೇಳದ ತಲಿ ಬಾಗಿಸಿ ಒಳಗ ಬಂದ.

"ನನ್ನ ಖೋಲ್ಯಾಗೂ ಹಿಂಗ ಅದರಿ," ಅಂದ. "ನಾಕು ಮಂದಿ ಇರ್ತೀವಿ, ಪಾಳಿ ಹಚ್ಚಿ ಮಲಗ್ತೀವಿ."

ಮಗಳು ಬಾಗಲ ಸಂದ್ಯಾಗಿಂದ ನಕ್ಕಳು. ಮೂರು ವರ್ಷದಾಗ ಆಕಿ ಒಪ್ಪಿದ ಮೊದಲ ಹುಡುಗ ಇವ. ನನ್ನ ಕಣ್ಣಾಗ ನೀರು ಬಂತು.

ಅಷ್ಟರಾಗ ಅತ್ತಿ ಪಲ್ಲಂಗದ ಕೆಳಗಿಂದ ಹೊರಗ ಬಂದು, "ಹುಡುಗಿ ಜೋಡಿ ಈ ಪಲ್ಲಂಗ ಬರ್ತದ್ರಿ. ಪಲ್ಲಂಗ ಬರದಿದ್ರ ಹುಡುಗಿನೂ ಬರಂಗಿಲ್ಲ," ಅಂದ್ರು.

ನಾ ಸಿಮೆಂಟಿನಾಗ ಹೂತ ನಾಕೂ ಕಾಲಿನ ಕಡಿ ನೋಡಿದೆ. ನಮ್ಮನಿಯವರು ಅಂಗಿ ಗುಂಡಿ ಹಚ್ಚಿ ತೆಗದು ಮಾಡಾಕತ್ತಿದ್ರು. ಗವಂಡಿ ಮನಿಗೆ ಓಡಿ ಕರಕೊಂಡು ಬಂದ್ರು.

"ಇದನ್ನ ಕೀಳೋ ಮಾರಾಯ!"

"ನಾ ಮಾಡಿದ ಕೆಲಸ ಮಾಸ್ತರ್," ಗವಂಡಿ ಎದಿ ಉಬ್ಬಿಸಿದ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ."

ಸುತ್ತಿಗಿ ತಗೊಂಡು ಹೊಡೆದ. ಗ್ವಾಡಿ ಬಿರುಕು ಬಿಡ್ತು, ಪಲ್ಲಂಗ ಹಂಗ ನಿಂತಿತ್ತು.

"ಕಾಲು ಕೊಯ್ದು ಬಾಕಿ ಒಯ್ದ್ರ?" ಅಂದ್ರು ಹುಡುಗನ ಅಪ್ಪ.

"ಕಾಲಿಲ್ಲದ್ದಕ್ಕ ಹಲಗಿ ಅಂತಾರ," ಅಂದ್ರು ಅತ್ತಿ. "ಗರಗಸ ಹಚ್ಚೂದಿದ್ರ ಮೊದಲು ನನ್ನ ಕಾಲಿಗೆ ಹಚ್ರಿ."

ಮಗಳು ಒಳಗ ಮುಸು ಮುಸು ಅಳಾಕತ್ತಿದ್ದಳು. ಹುಡುಗ ಬಗ್ಗಿ ಕಂಬದ ಬುಡ ಮುಟ್ಟಿ ನೋಡಿದ, ಉಗುರಿನಿಂದ ಕೆದರಿದ.

"ಇದು ನಮ್ಮ ಕಾರಖಾನಿ ಸಿಮೆಂಟ್ ಏನ್ರಿ?"

"ಹೌದ್ರಿ," ಅಂದ ಗವಂಡಿ.

"ಹಂಗಾದ್ರ ಬಿಡ್ರಿ, ಕಿತ್ತು ಬರಂಗಿಲ್ಲ." ಎದ್ದು ಕೈ ಝಾಡಿಸಿಕೊಂಡು ಅತ್ತಿ ಕಡಿ ತಿರುಗಿದ. "ಅಮ್ಮಾ, ನಿಮ್ಮ ಮಾತು ಪಲ್ಲಂಗ ಹುಡುಗಿ ಗಂಡನ ಮನ್ಯಾಗ ಇರಬೇಕು ಅಂತ ಹೌದಲ್ಲ? ನಾ ಇಲ್ಲೇ ಬಂದು ಇದ್ರ? ವಾಡಿಗೆ ದಿನಾ ರೈಲು ಅದ."

ಅತ್ತಿ ಪಲ್ಲಂಗದ ಮ್ಯಾಲ ಕೈ ಆಡಿಸಿದ್ರು. "ಮಾತು ಉಳೀತದ," ಅಂದ್ರು.

ಮದವಿ ಆತು. ಒಳಗಿನ ಖೋಲ್ಯಾಗ ಪಲ್ಲಂಗದ ಮ್ಯಾಲ ಮಗಳು ಅಳಿಯ, ಹೊರಗಿನದರಾಗ ಮಂಚ ಹಾಕ್ಕೊಂಡು ಅತ್ತಿ, ಪೂಜಾಕ್ಕ ಅಷ್ಟ ಪಲ್ಲಂಗದ ಕೆಳಗ. ನಾವಿಬ್ಬರು ಹಾಸಿಗಿ ಹೊತ್ಕೊಂಡು ಅಂಗಳಕ್ಕ ಬಂದ್ವಿ. ಮನಿ ಸಣ್ಣದು, ಸಾಮಾನು ಹಿಡಿಸಬೇಕು ಅಂತ ಎರಡು ವರ್ಷ ಒದ್ದಾಡಿದ್ವಿ. ಸಾಮಾನೆಲ್ಲಾ ಒಳಗ ಉಳೀತು.

ನಮ್ಮನಿಯವರು ಹಾಸಿಗಿ ಇಳಿಸಿ, ಸುತ್ತ ನೋಡಿ, ಗೇಣು ಹಾಕಿ ಅಂಗಳ ಅಳೆಯಾಕ ಸುರು ಮಾಡಿದ್ರು.

"ಏ, ಕೇಳಿಲ್ಲಿ," ಅಂದ್ರು. "ಇಲ್ಲಿ ನಾಕು ಫರ್ಸಿ ನಿಲ್ಲಿಸಿದ್ರ ಹೆಂಗ?"