ಹಿರಿಯರ ಎಡಗೈ

ಅರವತ್ತೆಂಟರ ವಯಸ್ಸಿನಲ್ಲಿ ನಾನು ಫೋಟೋ ತೆಗೆಯಲು ಕಲಿತೇ ತೀರುತ್ತೇನೆಂದು ಹಟ ತೊಟ್ಟೆ. ಅದೂ ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾ ಅಲ್ಲ! ನನ್ನ ಗಂಡ ಕ್ವಾಮೆನಾ ನಲವತ್ತು ವರ್ಷ ನಮ್ಮೂರು ಸಾಲ್ಟ್‌ಪಾಂಡಿನ ಮದುಮಕ್ಕಳನ್ನೆಲ್ಲ ಸೆರೆಹಿಡಿದ, ಮೂರು ಕಾಲಿನ ಮೇಲೆ ನಿಲ್ಲುವ, ಮೇಕೆಮರಿಯಷ್ಟು ತೂಕದ ಮರದ ಪೆಟ್ಟಿಗೆ. ಅವನಿಗಿದ್ದದ್ದೂ ಎರಡೇ ಕೈ, ನನಗೂ ಎರಡು ಕೈ ಇವೆ ಎಂದು ಬೀದಿಗೆಲ್ಲ ಸಾರಿದೆ. ಕೊನೆಗೆ ಮಾನ ಕಳೆದದ್ದೂ ಕೈಯೇ.

ನಮ್ಮಲ್ಲಿ ಗಂಡ ಹೋದರೆ ಅವನ ಸಾಮಾನು ಅವನ ತಾಯಿಯ ಕುಲಕ್ಕೆ ಸೇರುತ್ತದೆ. ನಾದಿನಿ ಏಕುವಾಗೆ ಪೆಟ್ಟಿಗೆ ಬೇಡ, ಅದು ನಿಂತ ಮುಂದಿನ ಕೋಣೆ ಬೇಕು, ಜಡೆ ಹೆಣೆಯುವ ಅಂಗಡಿ ಇಡಲು. ಕುಲದ ಹೊಸ ಯಜಮಾನರು ಕೋಬಿನಾ ಅಮಿಸ್ಸಾ ಒಂದು ತೀರ್ಮಾನ ಹೇಳಿದರು. ಕುಲದ ದೊಡ್ಡಮನೆಯ ಪಡಸಾಲೆಯಲ್ಲಿ ತೂಗುಹಾಕಲು ಅವರದೊಂದು ಫೋಟೋ ಬೇಕು. ನಾನು ಸರಿಯಾಗಿ ತೆಗೆದರೆ ಪೆಟ್ಟಿಗೆಯೂ ಕೋಣೆಯೂ ನನಗೆ. ಕೆಡಿಸಿದರೆ ಏಕುವಾಗೆ.

ಎರಡು ತಿಂಗಳು ಅಭ್ಯಾಸ ಮಾಡಿದೆ. ಗಂಡ ಸತ್ತಾಗ ಒಂದು ವರ್ಷ ಉಟ್ಟಿದ್ದ ಕಪ್ಪು ಬಟ್ಟೆಯನ್ನೇ ತಲೆಗೆ ಹೊದ್ದು, ಪೆಟ್ಟಿಗೆಯ ಹಿಂದಿನ ಮಸುಕು ಗಾಜು ನೋಡುವುದು. ಅದರಲ್ಲಿ ಲೋಕವೆಲ್ಲ ತಲೆಕೆಳಗು. ಏಕುವಾ ಒಣಹಾಕಿದ ಮೀನು ಆಕಾಶದಿಂದ ಜೋತಾಡುತ್ತಿತ್ತು. ಏಕುವಾ ಕೂಡ. ಚಿತ್ರ ಸ್ಪಷ್ಟವಾದ ಮೇಲೆ ಫೋಟೋ ಮೂಡುವ ಹಾಳೆಯ ಚೌಕಟ್ಟು ತೂರಿಸಿ, ಪೆಟ್ಟಿಗೆಯ ಮುಂದಿನ ಕಣ್ಣಿನ ಮುಚ್ಚಳ ತೆಗೆದು, ನಾಲ್ಕು ಎಣಿಸಿ ಮುಚ್ಚುವುದು. ಬಾಳೆಗೊನೆ, ಬಾವಿಕಟ್ಟೆ, ಒಂದೂ ಕೆಡಲಿಲ್ಲ. ಗಂಡನ ಮಾತೊಂದು ನೆನಪಿತ್ತು: ಕಣ್ಣನ್ನು ನಂಬಬೇಡ, ಗಾಜನ್ನು ನಂಬು.

ಭಾನುವಾರ ಚರ್ಚ್ ಮುಗಿಸಿ ಹಿರಿಯರು ಅಮಿಸ್ಸಾ ಬಂದರು. ಹೊಸ ಬಟ್ಟೆಯನ್ನು ಭುಜದ ಮೇಲೆ ಹಾಕಿ ಕುರ್ಚಿಯಲ್ಲಿ ಕೂತು, ಮನೆಗೆ ಬಂದವರನ್ನು ಮಾತಾಡಿಸುವ ಹಾಗೆ ಕೈ ಎತ್ತಿದರು. ನಾನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಗಾಜು ನೋಡಿದೆ. ಎತ್ತಿದ್ದು ಎಡಗೈ! ನಮ್ಮೂರಲ್ಲಿ ಎಡಗೈಯಲ್ಲಿ ಉಪ್ಪು ಕೊಟ್ಟರೂ ಮೂರು ತಲೆಮಾರು ಮಾತು ಬಿಡುತ್ತಾರೆ.

"ಹಿರಿಯರೇ, ಆ ಕೈ ಇಳಿಸಿ, ಇನ್ನೊಂದು ಎತ್ತಿ" ಎಂದೆ ಒಳಗಿನಿಂದಲೇ.

"ಇನ್ನೊಂದು ನನ್ನ ಎಡಗೈ ಕಣಮ್ಮ."

"ಪೆಟ್ಟಿಗೆಗೆ ಅದೇ ಬಲಗೈ. ನಲವತ್ತು ವರ್ಷದ ಪೆಟ್ಟಿಗೆಗೆ ನೀವು ಪಾಠ ಹೇಳ್ತೀರಾ?"

ಪಾಪ, ಕೈ ಬದಲಿಸಿದರು. ಗಾಜಿನಲ್ಲಿ ಈಗ ಎಲ್ಲ ಸರಿಯಾಯಿತು. ಹೊರಗೆ ಬಂದು ನೋಡಿದರೆ ಕಣ್ಣು ಮಾತ್ರ ಎಡಗೈ ಎಂದಿತು. ಪೊರೆ ಬಂದ ಮುದುಕಿಯ ಕಣ್ಣು, ಅದರ ಮಾತೇನು ಎಂದು ನಾಲ್ಕು ಎಣಿಸಿ ಮುಚ್ಚಿದೆ.

ಮೂರನೇ ದಿನ ದೊಡ್ಡಮನೆಯಲ್ಲಿ ಹನ್ನೊಂದು ಜನರ ಮುಂದೆ ಫೋಟೋ ಬಿಚ್ಚಿದೆ. ಮುಖದ ಒಂದೊಂದು ಸುಕ್ಕೂ ಎಣಿಸಬಹುದಿತ್ತು. ಬೆರಳೂ ಎಣಿಸಬಹುದಿತ್ತು. ಐದೂ ಎಡಗೈಯವು. ಬಂದ ನೆಂಟರಿಗೆಲ್ಲ ಕುಲದ ಯಜಮಾನರಿಂದ ಎಡಗೈ ಸ್ವಾಗತ!

 ಏಕುವಾ ಫೋಟೋವನ್ನು ತಲೆಕೆಳಗು ಮಾಡಿ ಹಿಡಿದಳು. ಎತ್ತಿದ ಕೈ ಬಲಬದಿಯಿಂದ ಎಡಬದಿಗೆ ಹೋಯಿತು.

"ಅತ್ತಿಗೆ, ಗಾಜಿನಲ್ಲಿ ಇಡೀ ಮನುಷ್ಯ ತಿರುಗಿದ ಮೇಲೆ ಕೈ ಮಾತ್ರ ಇದ್ದಲ್ಲೇ ಇರ್ತದಾ?"

ಎರಡು ತಿಂಗಳು ತೆಗೆದ ಬಾಳೆಗೊನೆಗಳಿಗೆ ಕೈ ಇರಲಿಲ್ಲ ನೋಡಿ. ಕೋಣೆಯ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚತೊಡಗಿದೆ.

ಹಿರಿಯರು ಮಾತ್ರ ಏಕುವಾ ಕೈಯಿಂದ ಫೋಟೋವನ್ನು ಇಸಿದುಕೊಂಡು ಕೆಳಗಿಡದೆ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು. "ನಾನು ಹುಟ್ಟಾ ಎಡಚ. ಅಮ್ಮ ಈ ಕೈಗೆ ಹೊಡೆದು ಹೊಡೆದು ಬಲಗೈ ಕಲಿಸಿದಳು. ಎಪ್ಪತ್ತು ವರ್ಷದಲ್ಲಿ ಇದನ್ನು ಎತ್ತು ಅಂದವಳು ನೀನೊಬ್ಬಳೇ."

ಆ ಫೋಟೋ ಅವರ ಮಲಗುವ ಕೋಣೆಗೆ ಹೋಯಿತು. ಪಡಸಾಲೆಗೆ ಇನ್ನೊಂದು ತೆಗೆಯಬೇಕು, ಪೆಟ್ಟಿಗೆಯೂ ಕೋಣೆಯೂ ನಿನ್ನಲ್ಲೇ ಇರಲಿ ಎಂದರು. ಒಂದೇ ಷರತ್ತು: ಪೆಟ್ಟಿಗೆಯ ಪಕ್ಕ ಏಕುವಾ ನಿಂತು ಬರಿಗಣ್ಣಿನಿಂದ ನೋಡಬೇಕು.

ಈಗ ಅರ್ಧ ಕೋಣೆಯಲ್ಲಿ ಜಡೆ, ಅರ್ಧದಲ್ಲಿ ಫೋಟೋ. ಜಡೆಗೆ ಸೇರಿಸುವ ಕೆಂಪು ದಾರವನ್ನು ಏಕುವಾ ಪ್ರತಿ ಫೋಟೋಕ್ಕೂ ಮೊದಲು ಬಲಗೈಗೆ ಕಟ್ಟಿ, ಗಟ್ಟಿಯಾಗಿ ಗಂಟು ಹಾಕುತ್ತಾಳೆ. ಫೋಟೋಕ್ಕೆ ಕೂತವರ ಕೈಗಲ್ಲ, ನನ್ನ ಕೈಗೆ.